ಆಲದ ಮರದಿಂದ ನಾಲ್ಕು ಕಂಬ

ನಾನು ಬಿ.ಎಸ್ಸಿ. ಮುಗಿಸುವುದು ಈ ಜನ್ಮಕ್ಕಿಲ್ಲ ಎಂದು ಮೊಟ್ಟಮೊದಲು ಹೇಳಿದವರು ನಮ್ಮ ಸೋದರಮಾವ. “ಡಿಗ್ರಿಗೆ ನಾಲ್ಕು ವರ್ಷ ಬೇಕು ಕಣವ್ವ. ನಿನ್ನ ಮದುವೆಗೆ ನಾಲ್ಕು ದಿನ ಸಾಕು. ಯಾವ್ದು ಮೊದ್ಲು ಆಯ್ತದೆ, ನೀನೇ ಹೇಳು!” ಹಾಗೆಂದವರು ಮರುದಿನ ಬೆಳಿಗ್ಗೆ ನನ್ನನ್ನು ಕಾಲೇಜಿಗೆ ಬಿಡಲು ಜಟಕಾ ಕಟ್ಟಿ ಬಾಗಿಲಲ್ಲಿ ನಿಂತಿದ್ದರು. ಇಂಥವರನ್ನು ಏನೆನ್ನುವುದು?

ಮಾವ ನಜರ್‌ಬಾದಿನ ನಮ್ಮ ಮನೆಯಲ್ಲೇ ಇದ್ದರು, ಕುದುರೆ ಹಿತ್ತಿಲಲ್ಲಿ. ಇಡೀ ಮೈಸೂರಿನಲ್ಲಿ ದಿಕ್ಕು ಕೇಳದೆ ಗಾಡಿ ಹೊಡೆಯುವ ಜಟಕಾದವರು ಇವರೊಬ್ಬರೇ! ಅವರಿಗೆ ಬೇಕಾದದ್ದು ದೂರ ಮಾತ್ರ, ಅದೂ ದೀಪದ ಕಂಬಗಳ ಲೆಕ್ಕದಲ್ಲಿ. ಒಮ್ಮೆ ಪಿಂಚಣಿದಾರರೊಬ್ಬರು “ಬಾವಿಯಿಂದ ಆರು ಕಂಬ” ಎಂದು ಹತ್ತಿ ಕೂತು ಕಣ್ಣು ಮುಚ್ಚಿದರು. ಮಾವ ಬಾವಿ ಮುಟ್ಟಿ, ಎಡಕ್ಕೆ ತಿರುಗಿ, ಆರು ಕಂಬ ಎಣಿಸಿ ನಿಲ್ಲಿಸಿದರು. ಅವರು ಇಳಿದರೆ ಎದುರಿಗೆ ಯಾರದೋ ದನದ ಕೊಟ್ಟಿಗೆ!

“ನನ್ನ ಮನೆ ಆ ಕಡೆ ಕಣಯ್ಯ!”

“ದೂರ ಸರಿಯಾಗೇ ಬಂದದಲ್ಲ ಸ್ವಾಮಿ? ಕೂತ್ಕಳಿ, ಇನ್ನೊಂದು ಕಡೀಕೆ ಓಗುವ.”

ಬೆಳಗಿನ ಮಂಜಿನಲ್ಲಿ ಆ ಜಟಕಾ ತೇಲಿದಂತೆ ಹೋಗುತ್ತಿತ್ತು. ಬೆಟ್ಟ ಇನ್ನೂ ನಿದ್ದೆಯಲ್ಲಿ. ಒಣಹುಲ್ಲಿನ ವಾಸನೆ, ಗೊರಸಿನ ಟಕಟಕ, ಮಡಿಲಲ್ಲಿ ಪುಸ್ತಕ. ನಾನು ಓದುತ್ತಿದ್ದೆನೋ ಕನಸು ಕಾಣುತ್ತಿದ್ದೆನೋ ಇಂದಿಗೂ ಖಚಿತವಿಲ್ಲ. ಮಾವ ತೂಕಡಿಸಿದರೂ ಚಿಂತೆಯಿರಲಿಲ್ಲ, ಸಂಜೆ ಕುದುರೆ ತಾನಾಗಿಯೇ ಮನೆಮುಂದೆ ಬಂದು ನಿಲ್ಲುತ್ತಿತ್ತು.

ಇಂಟರ್‌ಮೀಡಿಯೆಟ್ಟಿನಲ್ಲಿ ನನ್ನನ್ನು ಅಳಿಸಿದ್ದು ಎರಡು ನೆಟ್ಟನೆಯ ಗೆರೆಗಳು. ಅವುಗಳ ನಡುವೆ ಸಂಖ್ಯೆ ನಿಲ್ಲಿಸಿದರೆ ಮೈನಸ್ ಗುರುತು ಕಳಚಿ ಬರೀ ದೂರ ಉಳಿಯುತ್ತದಂತೆ. “ಗೆರೆಗಳ ನಡುವೆ ಎಕ್ಸ್ ಮೈನಸ್ ಐದು, ಅದು ಮೂರಕ್ಕೆ ಸಮ. ಎಕ್ಸ್ ಎಷ್ಟು?” ನಾನು ಎಂಟು ಎಂದು ಬರೆದಿದ್ದೆ. ಮೇಷ್ಟರು ಅರ್ಧ ಅಂಕ ಕೊಟ್ಟಿದ್ದರು. ಯಾಕೆಂದು ತಿಳಿಯದೆ ಗಾಡಿಯಲ್ಲೇ ಗಟ್ಟಿಯಾಗಿ ಓದಿಕೊಂಡೆ.

“ಎಂಟೋ, ಎರಡೋ,” ಎಂದರು ಮಾವ, ಹಿಂದಿರುಗಿಯೂ ನೋಡದೆ.

“ನಿಮಗೆ ಹೇಗೆ ಗೊತ್ತು?”

“ಐದನೇ ಕಂಬದಿಂದ ಮೂರು ಕಂಬ ದೂರ ತಾನೇ? ಮುಂದಕ್ಕೋದ್ರೆ ಎಂಟು, ಹಿಂದಕ್ಬಂದ್ರೆ ಎರಡು. ಇದ್ಕೂ ಕಾಲೇಜು ಬೇಕಾ?”

ಗಾಡಿಯ ಎರಡು ಮೂಕಿಮರಗಳ ನಡುವೆ ಕುದುರೆ ಕಿವಿ ಅಲ್ಲಾಡಿಸಿತು. ಅದಕ್ಕೂ ಗೊತ್ತಿತ್ತೆಂದು ಕಾಣುತ್ತದೆ!

ಬಿ.ಎಸ್ಸಿ. ಕೊನೆಯ ಪರೀಕ್ಷೆಗೆ ಎರಡು ತಿಂಗಳಿರುವಾಗ ಹೆಣ್ಣು ನೋಡಲು ಬರುತ್ತಾರೆಂದಾಯಿತು. “ಒಪ್ಪಿದರೆ ಓದು ಸಾಕು,” ಎಂದುಬಿಟ್ಟರು ಅಪ್ಪ. ಅವರು ಬೀಗರಿಗೆ ಬರೆದ ವಿಳಾಸವಾದರೂ ಏನು? “ಆಲದ ಮರದಿಂದ ನಾಲ್ಕು ಕಂಬ.” ರೈಲು ನಿಲ್ದಾಣದಿಂದ ಕರೆತರಲು ಹೋದವರು ಮಾವ.

ನಾನು ರೇಷ್ಮೆ ಸೀರೆಯುಟ್ಟು, ಪುಸ್ತಕಗಳನ್ನು ಕೊನೆಯ ಸಲವೆಂಬಂತೆ ಜೋಡಿಸಿಟ್ಟು ಕೂತೆ. ಉಪ್ಪಿಟ್ಟು ಆರಿತು. ಯಾರೂ ಬರಲಿಲ್ಲ. ಮಾವ ಅವರನ್ನು ಮರದ ಆ ಕಡೆ ನಾಲ್ಕನೇ ಕಂಬದ ಮನೆಗೆ ಇಳಿಸಿದ್ದರು! ಅವರೂ ನಮ್ಮ ಜನವೇ, ಅಲ್ಲೂ ಮದುವೆಗೆ ಬಂದ ಮಗಳು. ಬಾಗಿಲಿಗೆ ಬಂದ ಗಂಡನ್ನು ಯಾರು ಬೇಡವೆನ್ನುತ್ತಾರೆ? ಸಂಜೆಯೊಳಗೆ ತಾಂಬೂಲವೂ ಬದಲಾಯಿತು.

“ಇರೋ ಮನೆಯನ್ನೇ ಮರೆತ್ಯೇನೋ?” ಅಪ್ಪ ಕೂಗಾಡಿದರು.

“ನಾಲ್ಕು ಕಂಬ ಅಂದ್ರು ಭಾವ. ಎಣಿಸ್ದೆ, ಇಳಿಸ್ಬುಟ್ಟೆ.”

ಸ್ವಂತ ಮನೆ ತಪ್ಪುವ ಜಟಕಾದವನನ್ನು ಎಲ್ಲಾದರೂ ಕಂಡಿದ್ದೀರಾ? ನಮ್ಮ ಮಾವನಾದ್ದರಿಂದ ಎಲ್ಲರೂ ನಂಬಿದೆವು. ಅಪ್ಪ ಮಾತ್ರ ಅವರೊಡನೆ ಮಾತು ಬಿಟ್ಟರು. ತಿಂಗಳುಗಟ್ಟಲೆ ಮಾವ ಹಿತ್ತಿಲ ಬಾಗಿಲಿನಿಂದ ಬಂದು ಉಂಡು ಹೋದರು. ಬೆಳಿಗ್ಗೆ ಜಟಕಾ ಮಾತ್ರ ತಪ್ಪಲಿಲ್ಲ.

ಘಟಿಕೋತ್ಸವ ಮುಗಿಸಿ ಹೊರಬಂದಾಗ ಮಾವ ಮರದ ನೆರಳಲ್ಲಿ ಕಾಯುತ್ತಿದ್ದರು. ನಮ್ಮ ವಂಶದ ಮೊದಲ ಡಿಗ್ರಿಯನ್ನು ಅವರ ಕೈಗಿಟ್ಟೆ. ಟವೆಲಿಗೆ ಎರಡು ಸಲ ಕೈ ಒರೆಸಿಕೊಂಡು ಹಿಡಿದರು. “ನಿನ್ನೆಸರು ಎಲ್ಲದೆ?” ತೋರಿಸಿದೆ. ಅದರ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಆಮೇಲೆ ಕುದುರೆಯ ಕತ್ತು ಸವರುತ್ತ ಅಂದರು:

“ಮನೆ ದಾರಿ ಇದ್ಕೆ ಕಣ್ಮುಚ್ಚಿದ್ರೂ ಗೊತ್ತು ಕಣವ್ವ. ಅವತ್ತು ಆಲದ ಮರದತ್ರ ಆ ಕಡೆಗೆ ತಿರುಗ್ಸೋಕೆ ಲಗಾಮು ಎಳ್ದೂ ಎಳ್ದೂ ನನ್ನ ಕೈಯೇ ಬಿದ್ದೋಗಿತ್ತು!”