ಬಸಿದ ನೀರಿನ ಸತ್ವ

ಸಂಜೀವಪ್ಪನಿಗೆ ಹೊಟ್ಟೆಯೇ ದೇವರು. ತನ್ನ ತಟ್ಟೆಯಿಂದಾಚೆಗೂ ಒಂದು ಲೋಕವಿದೆ ಎಂಬುದು ಅವನಿಗೆ ಗೊತ್ತಿಲ್ಲ. ಇದು ಬೂದಿಗೆರೆಯ ಮುನಿವೆಂಕಟಮ್ಮ ಮೂವತ್ತನಾಲ್ಕು ವರ್ಷ ಅವನಿಗೆ ಮುದ್ದೆ ಕಟ್ಟಿ ಇಕ್ಕಿದ ಮೇಲೆ ಕೊಟ್ಟ ತೀರ್ಪು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಆದ್ದರಿಂದ ದೇವನಹಳ್ಳಿಯ ಡಾಕ್ಟರು, "ರಕ್ತದಲ್ಲಿ ಕೊಬ್ಬು ಏರಿದೆ. ಬಾಡು ತಿಂಗಳಿಗೊಂದು ಸಲ ಸಾಕು. ಕಾಳು, ಸೊಪ್ಪು, ಮೊಸರು ತಿನ್ನಿ" ಎಂದಾಗ ಗಂಡನ ಮುಖಕ್ಕೆ ಸೂತಕ ಬಡಿಯಿತು, ಹೆಂಡತಿಯ ಮುಖದಲ್ಲಿ ಪಟ್ಟಾಭಿಷೇಕದ ಕಳೆ ಏರಿತು. ಭಾನುವಾರದ ಬಾಡೂಟ ರದ್ದಾಯಿತು. ಸೋಮವಾರ ಹುರುಳಿ, ಮಂಗಳವಾರ ಮೊಳಕೆ ಹೆಸರು, ಬುಧವಾರ ಅಲಸಂದೆ. (ಗುರುವಾರದ ಹೊತ್ತಿಗೆ ಅವನು ಪಕ್ಕದ ಮನೆಯ ಕೋಳಿ ಕೂಗಿದರೂ ನಿಟ್ಟುಸಿರು ಬಿಡತೊಡಗಿದ್ದ.)

"ಏನೇ, ನಾನೇನು ಕುದುರೆಯಾ? ದಿನಾ ಹುರುಳಿ ಇಕ್ತೀಯಲ್ಲ!"

"ಕುದುರೆಗಿರೋ ಶಕ್ತಿ ನಿಮಗೈತಾ? ಸುಮ್ನೆ ತಿನ್ರಿ. ರಾಗೀಲಿ ಇಲ್ದಿದ್ದು ಕಾಳಲ್ಲೈತೆ, ಕಾಳಲ್ಲಿ ಇಲ್ದಿದ್ದು ರಾಗೀಲೈತೆ. ಎರಡೂ ಸೇರಿದ್ರೆ ಬಾಡಿಗಿಂತ ಏನು ಕಮ್ಮಿ?"

"ಬಾಡಿಲ್ದೆ ಮೈಗೆ ಕಸುವು ಎಲ್ಲಿಂದ ಬತ್ತದೆ? ಮೊನ್ನೆ ನೀರಿನ ಬಿಂದಿಗೆ ಎತ್ತಕ್ಕಾಗ್ಲಿಲ್ಲ ನಂಗೆ."

"ನೀವು ಬಿಂದಿಗೆ ಎತ್ತಿದ್ದು ಯಾವತ್ತು?"

ಒಲೆಯ ಮುಂದಿದ್ದ ಸೊಸೆ ಪದ್ಮಶ್ರೀ ನಗು ತಡೆಯಲಾಗದೆ ಒಗ್ಗರಣೆ ಸೀಯಿಸಿದಳು.

ಸಂಜೀವಪ್ಪ ಪಂಥ ಕಟ್ಟಿದ. ಯುಗಾದಿಯ ಮರುದಿನ ಹೊಸತೊಡಕು. ಊರಿನ ಹತ್ತು ಮನೆಯವರು ಸೇರಿ ಮರಿ ಕುಯ್ದು, ಬಾಳೆಲೆಯ ಮೇಲೆ ಸಮಸಮವಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವ ದಿನ. ಅವನ ಪಾಲಿಗೆ ಹಬ್ಬವೆಂದರೆ ಅದೇ. ಹಿಂದಿನ ದಿನದ ಬೇವುಬೆಲ್ಲ ಬರೀ ಪೀಠಿಕೆ.

"ಅಲ್ಲೀಗಂಟ ಎರಡು ತಿಂಗಳೈತೆ. ನಿನ್ನ ಕಾಳು ತಿಂತೀನಿ. ಆಮೇಲೆ ರಕ್ತ ಪರೀಕ್ಷೆ. ಕಸುವು ಇಳಿದಿದ್ರೆ ಹೊಸತೊಡಕಿಗೆ ಎರಡು ಗುಡ್ಡೆ ತರ್ತೀನಿ."

"ಇಳೀದಿದ್ರೆ?"

"ಒಂದೇ ಗುಡ್ಡೆ. ಆದ್ರೆ ಪರೀಕ್ಷೆಗೆ ನನ್ನ ಜೊತೆ ನೀನೂ ಸೂಜಿ ಚುಚ್ಚಿಸ್ಕೋಬೇಕು."

"ನಂಗೇನು ಭಯ? ನಾನೂ ಅದೇ ಬಸ್ಸಾರು ಉಣ್ಣೋದು."

ಎರಡು ತಿಂಗಳಾದ ಮೇಲೆ ವರದಿ ಬಂತು. ಅವನ ಕೊಬ್ಬು ಇಳಿದಿತ್ತು, ಪ್ರೋಟೀನು ಇರಬೇಕಾದಷ್ಟಿತ್ತು. ಮುನಿವೆಂಕಟಮ್ಮ ಯುದ್ಧ ಗೆದ್ದ ದಂಡನಾಯಕಿಯಂತೆ ಕುರ್ಚಿಗೆ ಒರಗಿದಳು. ಡಾಕ್ಟರು ಎರಡನೆಯ ಕಾಗದ ತಿರುವಿದರು.

"ಅಮ್ಮಾ, ಪ್ರೋಟೀನು ಸಾಲದಿರೋದು ನಿಮಗೆ. ರಕ್ತವೂ ಕಮ್ಮಿ. ಊಟಕ್ಕೆ ಏನು ತಿಂತೀರಿ?"

"ಕಾಳಿನ ಬಸ್ಸಾರು, ಸ್ವಾಮಿ. ಇವರಿಗೆ ಇಕ್ಕಿದ್ದೇ."

"ಸುಳ್ಳು, ಡಾಕ್ಟ್ರೇ," ಎಂದಳು ಜೊತೆಗೆ ಬಂದಿದ್ದ ಪದ್ಮಶ್ರೀ. "ಕಾಳು ಬೇಯ್ಸಿ ನೀರು ಬಸೀತಾರೆ. ಕಾಳು ಪಲ್ಯ ಆಗ್ತದೆ, ನೀರು ಸಾರಾಗ್ತದೆ. ಪಲ್ಯ ಎಲ್ಲಾ ಮಾವನ ತಟ್ಟೆಗೆ, ನನ್ನ ತಟ್ಟೆಗೆ. ಅತ್ತೆ ಕೊನೇಲಿ ಕೂತು ಬರೀ ಸಾರು ಸುರ್ಕೋತಾರೆ."

"ಸತ್ವ ಎಲ್ಲಾ ನೀರಿಗೆ ಇಳಿದಿರ್ತದಲ್ಲಮ್ಮಾ!" ಎಂದಳು ಮುನಿವೆಂಕಟಮ್ಮ.

"ಸ್ವಲ್ಪ ಇಳೀತದೆ," ಎಂದರು ಡಾಕ್ಟರು. "ಪ್ರೋಟೀನು ಮಾತ್ರ ಹೆಚ್ಚುಪಾಲು ಕಾಳಲ್ಲೇ ಉಳೀತದೆ. ಕಾಳು ತಿನ್ನಿ, ಮೊಟ್ಟೆ ತಿನ್ನಿ, ಹಾಲು ಕುಡೀರಿ. ಹಬ್ಬಕ್ಕೆ ನಾಲ್ಕು ತುಂಡು ಬಾಡೂ ಬೇಡ ಅನ್ನಬೇಡಿ."

ಸತ್ವವನ್ನೆಲ್ಲ ತಾನೇ ಕುಡಿದು ಗಂಡನಿಗೆ ಚರಟ ಇಕ್ಕುತ್ತಿದ್ದೇನೆಂದು ಮುನಿವೆಂಕಟಮ್ಮನಿಗೆ ಎರಡು ತಿಂಗಳಿಂದ ಒಳಗೊಳಗೇ ಪಾಪಪ್ರಜ್ಞೆ ಕಾಡುತ್ತಿತ್ತು. ಬಸ್ಸಿನಲ್ಲಿ ಗಂಡ ಆಡಿಕೊಳ್ಳುವನೆಂದು ಕಾದಳು. ಅವನು ಕಿಟಕಿಯಾಚೆ ನೋಡುತ್ತ ಕೂತಿದ್ದ.

ಹೊಸತೊಡಕಿಗೆ ಪಂಥದ ಪ್ರಕಾರ ಒಂದೇ ಗುಡ್ಡೆ ಬಂತು. ಸಾರಿನ ಘಮ ಬೀದಿಯ ತುದಿ ಮುಟ್ಟಿತು. ಮುದ್ದೆ ಕಟ್ಟುವ ಮೊದಲೇ ತಟ್ಟೆಯ ಮುಂದೆ ಹಾಜರಾಗುತ್ತಿದ್ದ ಸಂಜೀವಪ್ಪ ಜಗುಲಿ ಬಿಟ್ಟು ಏಳಲಿಲ್ಲ.

"ಬನ್ರೀ, ತಟ್ಟೆ ಹಾಕೀನಿ."

"ಹಸಿವಿಲ್ಲ. ನೀನೂ ಪದ್ಮಶ್ರೀನೂ ಮೊದ್ಲು ಉಣ್ಣಿ."

ಮದುವೆಯಾದಾಗಿನಿಂದ ಆ ಬಾಯಿಂದ ಬಾರದ ಮಾತು. ಎಲ್ಲೋ ಕದ್ದು ತಿಂದು ಬಂದಿದ್ದಾನೆಂದು ಅವಳು ಹತ್ತಿರ ಹೋಗಿ ಬಾಯಿ ಮೂಸಿದಳು. ಬರೀ ಎಲೆಅಡಿಕೆಯ ವಾಸನೆ.

ಅವಳು ಒಳಗೆ ಹೋಗಿ ಕೂತಳು. ಹಬೆಯಾಡುವ ಮುದ್ದೆ, ತುಂಡುಗಳಿರುವ ಸಾರು. ಸೌಟು ಪಾತ್ರೆಗೆ ತಗುಲಿದಾಗಲೆಲ್ಲ ಹೊರಗೆ ಅವನ ಗಂಟಲು ಏರಿ ಇಳಿಯುವುದು ಕಿಟಕಿಯಲ್ಲಿ ಕಾಣುತ್ತಿತ್ತು.

"ಆಯ್ತೇನೇ?" ಎಂದು ಅವನು ಕೂಗಿದ.

"ಇನ್ನೂ ಇಲ್ಲ."

"ಅವಸರ ಏನಿಲ್ಲ, ನಿಧಾನಕ್ಕೆ ತಿನ್ನು," ಎಂದ ಸಂಜೀವಪ್ಪ, ಹೊಟ್ಟೆಯ ಗುರುಗುಟ್ಟುವ ಸದ್ದು ಒಳಗೆ ಕೇಳಿಸದಿರಲೆಂದು ಜೋರಾಗಿ ಕೆಮ್ಮಿದ.