ಜ್ಯೇಷ್ಠತಾ ಕ್ರಮದಲ್ಲಿ ಈಜು

ಈಜು ಉತ್ತೇಜನ ಇಲಾಖೆಯ ನಿರ್ದೇಶಕರು ನೀರು ಕುಡಿಯುವ ಮುನ್ನ ಲೋಟದೊಳಗೆ ಒಮ್ಮೆ ಇಣುಕಿ ನೋಡುತ್ತಿದ್ದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕನ್ನಡಕ ಸರಿಮಾಡಿಕೊಂಡು, ತಳ ಕಾಣುತ್ತದೆ ಎಂದು ಖಚಿತವಾದ ಮೇಲೆಯೇ ತುಟಿಗೆ ತಾಗಿಸುತ್ತಿದ್ದರು. ನಾಲ್ಕನೇ ಮಹಡಿಯ ಆ ಕಚೇರಿಯಲ್ಲಿ ಈ ಅಭ್ಯಾಸಕ್ಕೆ ಬಹಳ ಗೌರವವಿತ್ತು.

"ನುರಿತ ಈಜುಗಾರನ ಕಣ್ಣು ಅಂದ್ರೆ ಅದು. ಲೋಟ ಆದ್ರೇನು, ಸಮುದ್ರ ಆದ್ರೇನು, ಸಾಹೇಬ್ರು ಮೊದಲು ಆಳ ನೋಡ್ತಾರೆ," ಎಂದು ಉಪನಿರ್ದೇಶಕರು ಹೊಸದಾಗಿ ಸೇರಿದ ಕರಡು ಬರಹಗಾರ್ತಿಗೆ ಮೊದಲ ದಿನವೇ ತಿಳಿಸಿಕೊಟ್ಟಿದ್ದರು. ಅವಳು ತಲೆಯಾಡಿಸಿದ್ದಳು.

ತಲೆಯಾಡಿಸುವುದು ಅವಳ ಮುಖ್ಯ ಭಾಷೆ. ಎರಡನೆಯದು ಇಂಗ್ಲಿಷ್; ಓದಿದ್ದೆಲ್ಲ ಅದರಲ್ಲೇ. ಕನ್ನಡ ಮನೆಯಲ್ಲಿ ಆಡಲು, ಅದೂ ಅಮ್ಮ ಮೊದಲು ಮಾತಾಡಿದರೆ. ಇಷ್ಟು ಕಡಿಮೆ ಮಾತಾಡುವವಳ ಒಳಗೆ ಭಾಷೆ ಬಹಳಷ್ಟು ಉಳಿತಾಯವಾಗಿರಬೇಕೆಂದು ಲೆಕ್ಕಹಾಕಿದ ಇಲಾಖೆಯು ಕನ್ನಡ ಸುತ್ತೋಲೆಗಳನ್ನು ಬರೆಯುವ ಕೆಲಸವನ್ನು ಅವಳಿಗೇ ಒಪ್ಪಿಸಿತು. ಅವಳು ಕಬ್ಬಿಣದ ಬೀರುವಿನಲ್ಲಿದ್ದ ಹಳೆಯ ಸುತ್ತೋಲೆಗಳನ್ನು ತೆಗೆದು, ಪರೀಕ್ಷೆಗೆ ಓದುವವಳಂತೆ ಕಣ್ಣು ಕೆಂಪಗಾಗುವ ತನಕ ಓದಿದಳು. ಆರು ತಿಂಗಳಾಗುವಷ್ಟರಲ್ಲಿ ಅಮ್ಮ ಫೋನಿನಲ್ಲಿ "ಊಟ ಆಯ್ತೇನೇ?" ಎಂದರೆ "ಸದರಿ ಊಟವು ಆಗಿರುತ್ತದೆ" ಎನ್ನುವ ಮಟ್ಟಕ್ಕೆ ಬಂದಿದ್ದಳು. ಕಚೇರಿಯಲ್ಲಿ ಅವಳನ್ನು ಎಲ್ಲರೂ ಪ್ರೀತಿಯಿಂದ "ಕರಡು" ಎಂದೇ ಕರೆಯುತ್ತಿದ್ದರು.

ಕರಡುವಿಗೆ ಈಜು ಬರುತ್ತಿತ್ತು. ಸುಮ್ಮನೆ ಬರುವುದಲ್ಲ, ಶಾಲೆಯ ಕೊಳದಲ್ಲಿ ಅವಳನ್ನು ಹೊರಗೆ ಕರೆಸಲು ಶಿಕ್ಷಕಿ ಸೀಟಿ ಊದಿ ಊದಿ ಸುಸ್ತಾಗುತ್ತಿದ್ದರು. ನೆಲದ ಮೇಲೆ ನಾಲಿಗೆ ಕಟ್ಟಿಹೋಗುವ ಹುಡುಗಿಗೆ ನೀರೊಳಗೆ ಒಂದು ಸೌಲಭ್ಯವಿತ್ತು: ಅಲ್ಲಿ ಯಾರೂ ಮಾತಾಡಿಸುವುದಿಲ್ಲ. ಆದರೆ ಈಜು ಉತ್ತೇಜನ ಇಲಾಖೆಯಲ್ಲಿ ಕುಳಿತು "ನನಗೆ ಈಜು ಬರುತ್ತೆ" ಎನ್ನುವುದು ಜಂಬವಾದೀತೆಂದು ಅವಳು ಬಾಯಿಬಿಟ್ಟಿರಲಿಲ್ಲ. ಇಲ್ಲಿ ಎಲ್ಲರೂ ತನ್ನನ್ನು ಮೀರಿಸಿದವರು ಎಂದೇ ಅವಳ ನಂಬಿಕೆ. ಈ ಊರಿಗೆ ಬಂದಮೇಲೆ ಒಂದು ವರ್ಷದಿಂದ ಬಕೆಟ್ಟಿನ ನೀರು ಬಿಟ್ಟರೆ ಬೇರೆ ನೀರು ಅವಳ ಮೈಗೆ ತಾಗಿರಲಿಲ್ಲ. ಊರಿನ ಏಕೈಕ ಈಜುಕೊಳವನ್ನು ಇಲಾಖೆಯೇ ಬರಿದು ಮಾಡಿ, "ಈಜಿ, ಆರೋಗ್ಯವಾಗಿರಿ" ಎಂಬ ಪೋಸ್ಟರುಗಳನ್ನು ಪೇರಿಸಿಡಲು ಬಳಸುತ್ತಿತ್ತು. ಪೋಸ್ಟರುಗಳು ನೆನೆಯಬಾರದಲ್ಲವೇ.

ಆದ್ದರಿಂದ ವಾರ್ಷಿಕ ದೋಣಿ ವಿಹಾರದ ಸುದ್ದಿ ಬಂದಾಗ ಅವಳ ಎದೆ ಕುಣಿದಾಡಿತು. ಬೆಳಗಿನಿಂದ ಸಂಜೆಯವರೆಗೆ ದೋಣಿ, ಮೂರು ಕಡೆ ಈಜು ನಿಲುಗಡೆ, ಮಧ್ಯಾಹ್ನ ದೋಣಿಯಲ್ಲೇ ಬಾರ್ಬೆಕ್ಯೂ ಊಟ. ಹಿಂದಿನ ವರ್ಷಗಳಲ್ಲಿ ಈ ವಿಹಾರವನ್ನು ಸಭಾಂಗಣದಲ್ಲೇ ನಡೆಸಲಾಗಿತ್ತು. ಈ ವರ್ಷ ಸಭಾಂಗಣಕ್ಕೆ ಬಣ್ಣ ಬಳಿಯುತ್ತಿದ್ದುದರಿಂದ ಅನಿವಾರ್ಯವಾಗಿ ಸಮುದ್ರಕ್ಕೆ ಹೋಗಬೇಕಾಯಿತು.

ಸುತ್ತೋಲೆ ಬರೆಯುವಂತೆ ಅವಳಿಗೆ ಆದೇಶವಾಯಿತು. ದೋಣಿ ವಿಹಾರದ ಮಾದರಿ ಬೀರುವಿನಲ್ಲಿ ಸಿಗಲಿಲ್ಲ. ಸಿಕ್ಕಿದ್ದು ಸಾಮೂಹಿಕ ಛಾಯಾಚಿತ್ರದ ಸುತ್ತೋಲೆ. ಖುಷಿಯ ಭರದಲ್ಲಿ ಅವಳು "ಆಸೀನರಾಗು" ಎಂದಿದ್ದ ಕಡೆಯಲ್ಲೆಲ್ಲ "ನೀರಿಗಿಳಿ" ಎಂದು ತಿದ್ದಿ, ಉಳಿದದ್ದನ್ನು ಹಾಗೆಯೇ ಇಳಿಸಿಕೊಂಡಳು:

"ಒಂದು: ನಿರ್ದೇಶಕರು ನೀರಿಗಿಳಿದ ನಂತರವೇ ಇತರರು ಜ್ಯೇಷ್ಠತಾ ಕ್ರಮದಲ್ಲಿ ನೀರಿಗಿಳಿಯತಕ್ಕದ್ದು. ಎರಡು: ಯಾವುದೇ ಕಾರಣಕ್ಕೂ ಕಿರಿಯರು ಹಿರಿಯರ ಮುಂದೆ ಬರತಕ್ಕದ್ದಲ್ಲ. ಮೂರು: ಕಾರ್ಯಕ್ರಮವು ವಿಧಿವತ್ತಾಗಿ ನೆರವೇರಿದ ಬಳಿಕವಷ್ಟೇ ಆಹಾರ ವಿತರಿಸತಕ್ಕದ್ದು."

"ಎಷ್ಟು ಅಚ್ಚುಕಟ್ಟಾಗಿದೆ!" ಎಂದರು ನಿರ್ದೇಶಕರು. ಸಹಿಯಾಯಿತು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಿದ್ದು ಅವಳಿಗೆ ಹೊಳೆದಿದ್ದು ಮಾತ್ರ ದೋಣಿ ಹತ್ತಿ ಕುಳಿತ ಮೇಲೆ, ಬಟ್ಟೆಯ ಒಳಗೆ ಬೆಳಗ್ಗೆಯೇ ಹಾಕಿಕೊಂಡು ಬಂದಿದ್ದ ನೀಲಿ ಈಜುಡುಗೆ ಬೆವರಿಗೆ ಅಂಟತೊಡಗಿದಾಗ.

ದೋಣಿಯಲ್ಲಿ ಇಲಾಖೆಯ ಐದು ಜನ: ನಿರ್ದೇಶಕರು, ಉಪನಿರ್ದೇಶಕರು, ಲೆಕ್ಕಾಧಿಕಾರಿ, ನಿವೃತ್ತಿಗೆ ಹತ್ತಿರವಾಗಿದ್ದ ಸ್ಟೆನೋ ಅಕ್ಕ, ಕೊನೆಯಲ್ಲಿ ಕರಡು. ಎಲ್ಲರೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟಿದ್ದರು. ಲೆಕ್ಕಾಧಿಕಾರಿ ಅದರ ಮೇಲೆ ಟೈ ಕಟ್ಟಿದ್ದರು. ದೋಣಿ ನಡೆಸುವ ಕ್ಯಾಪ್ಟನ್ನು, ಕೆಂಡದ ಮುಂದೆ ಇಕ್ಕಳ ಹಿಡಿದು ನಿಂತ ಅವನ ಅಕ್ಕ, ಇವರಿಬ್ಬರು ಹೊರಗಿನವರು.

ಮೊದಲ ನಿಲುಗಡೆಯಲ್ಲಿ ಲಂಗರು ಬಿತ್ತು. ತಳದ ಮರಳು ಕಾಣುವಷ್ಟು ತಿಳಿಯಾದ ನೀರು. ಕ್ಯಾಪ್ಟನ್ ಏಣಿ ಇಳಿಬಿಟ್ಟು, "ಇಳೀರಿ ಸಾರ್," ಎಂದ.

ನಿರ್ದೇಶಕರು ಅಂಚಿಗೆ ಬಂದು ಬಹಳ ಹೊತ್ತು ನೋಡಿದರು. "ಬಣ್ಣ ನನಗೆ ಒಪ್ಪಿಗೆ ಆಗ್ತಿಲ್ಲ."

"ನಾನೂ ಅದನ್ನೇ ಹೇಳೋಣ ಅಂತಿದ್ದೆ ಸಾರ್," ಎಂದರು ಉಪನಿರ್ದೇಶಕರು. "ಅಗತ್ಯಕ್ಕಿಂತ ಹೆಚ್ಚು ನೀಲಿ."

ನೀರನ್ನು ತಿರಸ್ಕರಿಸಲಾಯಿತು. ದೋಣಿ ಹೊರಟಾಗ ಕರಡು ಆ ನೀರು ಕಣ್ಮರೆಯಾಗುವ ತನಕ ಕತ್ತು ತಿರುಗಿಸಿ ನೋಡುತ್ತಿದ್ದಳು, ಮಿಠಾಯಿ ಅಂಗಡಿ ದಾಟಿಸಿ ಎಳೆದೊಯ್ದ ಮಗುವಿನ ಹಾಗೆ.

ಎರಡನೇ ನಿಲುಗಡೆಯ ಹೊತ್ತಿಗೆ ಮೀನು, ಕೋಳಿ, ಮೆಕ್ಕೆಜೋಳ ಎಲ್ಲ ಕಂಬಿಯ ಮೇಲೆ ಚಟಪಟ ಎನ್ನುತ್ತಿದ್ದವು. ಎಲ್ಲರ ಹೊಟ್ಟೆಯೂ ತಾಳ ಹಾಕುತ್ತಿತ್ತು.

"ಬನ್ರಪ್ಪಾ, ಮೀನು ಕರಕಲಾಗ್ತಿದೆ," ಎಂದು ಕ್ಯಾಪ್ಟನ್ನಿನ ಅಕ್ಕ ಕೂಗಿದಳು.

"ಈಜು ಆಗದೆ ತಿನ್ನೋ ಹಾಗಿಲ್ಲ ತಾಯಿ. ಮೂರನೇ ಅಂಶ," ಎಂದರು ಲೆಕ್ಕಾಧಿಕಾರಿ ಎಂಜಲು ನುಂಗುತ್ತ.

"ಹಂಗಾದ್ರೆ ಬೇಗ ಈಜಿ!"

"ಸಾಹೇಬ್ರು ಇಳಿಯದೆ ಇಳಿಯೋ ಹಾಗಿಲ್ಲ. ಒಂದನೇ ಅಂಶ."

"ಯಾವ ಪುಣ್ಯಾತ್ಮ ಬರೆದಿದ್ದು ಇದನ್ನ? ಈ ಇಕ್ಕಳದಲ್ಲಿ ಅವನ ಬೆರಳು ಹಿಡಿದು ಒಂದು ಸುತ್ತು ತಿರುಗಿಸ್ತೀನಿ."

ಕರಡು ಬೆರಳುಗಳನ್ನು ಮಡಿಸಿ ಜಾಕೆಟ್ಟಿನೊಳಗೆ ಸೇರಿಸಿಕೊಂಡಳು.

ನಿರ್ದೇಶಕರು ಮತ್ತೆ ಪರಿಶೀಲನೆಗೆ ಅಂಚಿಗೆ ಬಂದರು. ಅದೇ ಸಮಯಕ್ಕೆ ಗಾಳಿ ತಿರುಗಿ, ಕೋಳಿಯ ಹೊಗೆ ಅಷ್ಟೂ ಅವರ ಮುಖಕ್ಕೆ ನುಗ್ಗಿತು. ಅವರು ಕಣ್ಣುಮುಚ್ಚಿ, ಕೆಮ್ಮಿ, ದೋಣಿಯೇ ಇಲ್ಲದ ಕಡೆ ಒಂದು ಹೆಜ್ಜೆ ಇಟ್ಟರು.

ಕಿತ್ತಳೆ ಜಾಕೆಟ್ಟು ಅವರನ್ನು ಮುಳುಗಲು ಬಿಡಲಿಲ್ಲ. ಸೆಳೆತ ಮಾತ್ರ ಮೆಲ್ಲಗೆ ದೂರ ಒಯ್ಯತೊಡಗಿತು. ಕ್ಯಾಪ್ಟನ್ ಟ್ಯೂಬು ಎತ್ತಿ, "ಸಾಹೇಬ್ರು ಬಿದ್ರು!" ಎಂದು ಅರಚಿದ.

"ಬಿದ್ದಿಲ್ಲ!" ನೀರಿನಿಂದ ಗಂಭೀರ ಧ್ವನಿ ಬಂತು. "ಇಳಿದಿದ್ದೇನೆ!"

ಎಸೆದ ಟ್ಯೂಬನ್ನು ಅವರು ಮುಟ್ಟಲಿಲ್ಲ. ಮುಟ್ಟಿದರೆ ಬಿದ್ದದ್ದನ್ನು ಒಪ್ಪಿಕೊಂಡಂತೆ. ನಿರ್ದೇಶಕರು ಇಳಿದಿದ್ದಾರೆಂದಮೇಲೆ ಕಾರ್ಯಕ್ರಮ ಆರಂಭವಾದಂತೆಯೇ. ಎಲ್ಲರ ಕಣ್ಣೂ ಉಪನಿರ್ದೇಶಕರ ಕಡೆ ತಿರುಗಿತು. ಅವರು ಇಂಗು ತಿಂದ ಮಂಗನಂತೆ ಮುಖ ಮಾಡಿ, ಏಣಿಯಲ್ಲಿ ಹಿಂದುಹಿಂದಾಗಿ ಇಳಿದು, ಕುತ್ತಿಗೆವರೆಗೆ ಮುಳುಗಿ, ಕೊನೆಯ ಮೆಟ್ಟಿಲನ್ನು ಅಪ್ಪಿ ಹಿಡಿದರು. ಅವರ ಹಿಂದೆ ಲೆಕ್ಕಾಧಿಕಾರಿ. ಮೆಟ್ಟಿಲಲ್ಲಿ ಜಾಗವಿಲ್ಲದೆ ಉಪನಿರ್ದೇಶಕರ ಭುಜವನ್ನೇ ಹಿಡಿದುಕೊಂಡರು.

"ಸಾರ್, ನಿಮಗೂ ಬರಲ್ವಾ?"

"ಸುಮ್ನಿರಯ್ಯಾ. ಬಿಗಿಯಾಗಿ ಹಿಡ್ಕೋ."

"ಇಂಜಿನ್ ಹಾಕೋ ಹಂಗಿಲ್ವಲ್ಲ! ಏಣಿಗೆ ಜೋತುಬಿದ್ದವರ ಕಾಲು ಹೋಗುತ್ತೆ!" ಕ್ಯಾಪ್ಟನ್ ತಲೆ ಚಚ್ಚಿಕೊಂಡ. ತಾನೇ ಹಾರಲು ಅಂಗಿ ಬಿಚ್ಚಿದ. ಕೆಳಗಿನಿಂದ ಉಪನಿರ್ದೇಶಕರು, "ನೀನು ನಮ್ಮ ಜ್ಯೇಷ್ಠತಾ ಪಟ್ಟಿಯಲ್ಲೇ ಇಲ್ಲಪ್ಪ," ಎಂದು ತಡೆದರು.

ನಿರ್ದೇಶಕರು ಆಗಲೇ ಒಂದು ಕಿತ್ತಳೆ ಹಣ್ಣಿನಷ್ಟು ಕಾಣುತ್ತಿದ್ದರು. ಕರಡು ಜಾಕೆಟ್ಟು, ಮೇಲಿನ ಬಟ್ಟೆ ಕಳಚಿ ಅಂಚಿಗೆ ಬಂದಾಗಿತ್ತು. ನಡುವೆ ಸ್ಟೆನೋ ಅಕ್ಕ ಉಳಿದಿದ್ದರು.

"ಅಕ್ಕಾ, ಬೇಗ."

"ನನ್ನ ಮಂಡಿ ನೋಡೇ, ಈ ಏಣಿ ಇಳಿಯೋಕಾಗುತ್ತಾ? ಇರು, ಪಾದ ಒದ್ದೆ ಮಾಡ್ತೀನಿ. ಸಾಲುತ್ತಾ? ಬರೆದೋಳು ನೀನೇ ತಾನೇ, ನೀನೇ ಹೇಳು."

ಸ್ಟೆನೋ ಅಕ್ಕ ಅಂಚಿನಲ್ಲಿ ಕುಳಿತು ಕಾಲು ಚಾಚಿದರು. ನೀರಿಗೆ ನಿಲುಕಲಿಲ್ಲ. ಕ್ಯಾಪ್ಟನ್ನಿನ ಅಕ್ಕ ಒಂದು ಚೊಂಬು ಸಮುದ್ರದ ನೀರು ಮೊಗೆದು ಆ ಪಾದಗಳ ಮೇಲೆ ಸುರಿದಳು. "ಇಳಿದಂತೆ ಪರಿಗಣಿಸಲಾಗಿದೆ!" ಎಂದು ಕರಡು ಕೂಗಿದಳು. ಸೇವೆಗೆ ಸೇರಿದ ಮೇಲೆ ಅವಳು ದನಿಯೆತ್ತಿ ಆಡಿದ ಮೊದಲ ಮಾತು ಅದು. ಮರುಕ್ಷಣವೇ ನೆಗೆದಳು.

ನೀರು ಅವಳನ್ನು ಎರಡೂ ಕೈ ಚಾಚಿ ತೆಗೆದುಕೊಂಡಿತು. ಕಿವಿಯೊಳಗೆ ಕಚೇರಿ ಬಂದ್ ಆಯಿತು. ಬೆನ್ನು ಉದ್ದವಾಯಿತು. ಒಂದು ವರ್ಷದಿಂದ ಕುರ್ಚಿಯ ಆಕಾರಕ್ಕೆ ಬಂದಿದ್ದ ಕಾಲುಗಳು ತಮ್ಮ ಕೆಲಸ ನೆನಪಿಸಿಕೊಂಡವು. ಒಬ್ಬ ಮನುಷ್ಯ ತೇಲಿಹೋಗುತ್ತಿರುವಾಗ ಹೀಗೆ ಸಂತೋಷಪಡುವುದು ಸರಿಯೇ ಎಂಬ ಪ್ರಶ್ನೆ ಬಂತು. ತಲೆ ನೀರೊಳಗಿದ್ದುದರಿಂದ ಅದಕ್ಕೆ ಉತ್ತರ ಕೊಡುವ ಅಗತ್ಯ ಬೀಳಲಿಲ್ಲ. ಅವಳು ನಿರ್ದೇಶಕರ ಎದುರಿಗೇ ಮೇಲೆದ್ದಳು.

"ಹಿಂದೆ, ಹಿಂದೆ!" ನಿರ್ದೇಶಕರು ಬೆದರಿದ ದನಿಯಲ್ಲಿ ಪಿಸುಗುಟ್ಟಿದರು. "ಮುಂದೆ ಬರ್ಬೇಡ. ಎರಡನೇ ಅಂಶ. ಅವರೆಲ್ಲ ನೋಡ್ತಿದ್ದಾರೆ."

"ಸಾರ್, ಜಾಕೆಟ್ ಹಿಡಿದು ಎಳೀತೀನಿ. ಅದೇ ಸುಲಭ."

"ಎಳೆದ್ರೆ ನೀನು ಮುಂದೆ ಆಗ್ತೀಯಲ್ಲಮ್ಮ! ಹಿಂದಿನಿಂದ ತಳ್ಳು." ಸ್ವಲ್ಪ ಹೊತ್ತಿನ ಮೇಲೆ ದನಿ ಇನ್ನೂ ಇಳಿಯಿತು. "ನನಗೆ ಈಜು ಬರಲ್ಲ ಕಣಮ್ಮ. ಯಾರೂ ಕೇಳಲೂ ಇಲ್ಲ. ಕೇಳಿದ್ರೆ ಹೇಳ್ತಿದ್ದೆ."

ಕರಡುವಿಗೆ ಮೊದಲ ಸಲ ಆ ಮನುಷ್ಯನ ಮೇಲೆ ಕನಿಕರ ಹುಟ್ಟಿತು. ಕೇಳಿದ್ದರೆ ಅವಳೂ ಹೇಳುತ್ತಿದ್ದಳು. ಅವಳು ಅವರನ್ನು ಅಂಗಾತ ಮಲಗಿಸಿ, ಪಾದಗಳ ಕಡೆಯಿಂದ, ಕೆಟ್ಟುನಿಂತ ಕಾರನ್ನು ತಳ್ಳುವ ಹಾಗೆ, ದೋಣಿಯ ಕಡೆಗೆ ತಳ್ಳತೊಡಗಿದಳು. ನಿರ್ದೇಶಕರು ಆಕಾಶ ನೋಡುತ್ತ, ನಡುನಡುವೆ ಜನರತ್ತ ಕೈ ಬೀಸುತ್ತ ಮುಂದುವರಿದರು. ಅವರ ಹೊಟ್ಟೆಯ ಹಿಂದೆ ಅವಳ ತಲೆ ದೋಣಿಯವರಿಗೆ ಕಾಣುತ್ತಿರಲಿಲ್ಲ.

ಏಣಿಯ ಬಳಿ ಚಪ್ಪಾಳೆ ತಟ್ಟಲು ಕೈ ಬಿಡುವಿರದಿದ್ದುದರಿಂದ ಉಪನಿರ್ದೇಶಕರು ಬಾಯಲ್ಲೇ "ಭಲೇ, ಭಲೇ" ಎಂದರು. "ಎಂಥ ಶೈಲಿ ಸಾರ್! ಕೈಕಾಲು ಆಡಿಸದೆ ಈಜೋದನ್ನ ಇದೇ ಮೊದಲು ನೋಡ್ತಿರೋದು."

"ಇದಕ್ಕೆ ಮನಸ್ಸು ಸ್ಥಿರವಾಗಿರ್ಬೇಕು," ಎಂದರು ನಿರ್ದೇಶಕರು.

ಕಾರ್ಯಕ್ರಮ ನೆರವೇರಿದ್ದರಿಂದ ಬಾರ್ಬೆಕ್ಯೂ ವಿತರಣೆಯಾಯಿತು. ಮೀನು ಇದ್ದಿಲಾಗಿತ್ತು, ಕೋಳಿ ಹೊರಗೆ ಇದ್ದಿಲು, ಒಳಗೆ ಹಸಿ. ನಿರ್ದೇಶಕರು ಚೆನ್ನಾಗಿದೆ ಎಂದರು, ಚೆನ್ನಾಗಿತ್ತು. ಊಟದ ನಡುವೆ ಎದ್ದುನಿಂತು ಅವರು ಪ್ರಕಟಿಸಿದರು: "ನಾನು ಇಂದು ಪ್ರಾತ್ಯಕ್ಷಿಕೆ ನೀಡಿದ ವಿಧಾನಕ್ಕೆ 'ನಿಶ್ಚಲ ಈಜು' ಎಂದು ಹೆಸರಿಡಲಾಗಿದೆ. ಇನ್ನು ಮುಂದೆ ಇಲಾಖೆಯು ಇದನ್ನಷ್ಟೇ ಉತ್ತೇಜಿಸತಕ್ಕದ್ದು. ಕೈಕಾಲು ಆಡಿಸುವ ಹಳೆಯ ಪದ್ಧತಿಯಿಂದ ಅನಗತ್ಯವಾಗಿ ನೀರು ಚಿಮ್ಮುತ್ತದೆ."

ಮೂರನೇ ನಿಲುಗಡೆಯಲ್ಲಿ ನೀರಿನ ಬಣ್ಣದ ಬಗ್ಗೆ ಯಾರೂ ಚಕಾರವೆತ್ತಲಿಲ್ಲ. ನಿರ್ದೇಶಕರು ಇಳಿದು ಅಂಗಾತ ಮಲಗಿದರು. ಕರಡು ಅವರನ್ನು ಒಂದು ಸುತ್ತು ತಳ್ಳಿ ತಂದಳು. ಆಮೇಲೆ ಉಪನಿರ್ದೇಶಕರನ್ನು. ಆಮೇಲೆ ಲೆಕ್ಕಾಧಿಕಾರಿಯನ್ನು, ಅವರ ಟೈ ಹಿಂದಕ್ಕೆ ತೇಲಿ ಅವಳ ಬಾಯಿಗೇ ಬರುತ್ತಿತ್ತು. ಸ್ಟೆನೋ ಅಕ್ಕ ಕೂಡ ಮಂಡಿ ಮರೆತು ಇಳಿದುಬಂದರು. "ಮೆಲ್ಲಗೆ ತಳ್ಳೇ, ತಲೆಗೂದಲು ನೆನೆಯುತ್ತೆ," ಎಂದರು. ದೋಣಿಯಲ್ಲಿ ಕುಳಿತವರು ಒಬ್ಬರ ಸ್ಥಿರತೆಯನ್ನು ಇನ್ನೊಬ್ಬರು ಹೊಗಳಿದರು.

"ನೀನು ಇವತ್ತು ಈಜ್ಲೇ ಇಲ್ವಲ್ಲೇ ತಂಗಿ," ಎಂದಳು ಕ್ಯಾಪ್ಟನ್ನಿನ ಅಕ್ಕ, ಸುಸ್ತಾಗಿ ಏಣಿ ಹತ್ತಿಬಂದವಳ ಹೆಗಲಿಗೆ ಟವೆಲು ಹೊದಿಸಿ. "ಬರೀ ಸಾಮಾನು ಸಾಗಿಸಿದೆ."

ಈ ಮಾತು ನಿರ್ದೇಶಕರ ಕಿವಿಗೂ ಬಿತ್ತು. ಅವರು ತುಂಬ ನೊಂದುಕೊಂಡರು.

"ಹೌದಲ್ಲ, ಈ ಮಗುವಿಗೂ ಈಜು ಕಲಿಸ್ಬೇಕು. ಇಡೀ ದಿನ ಪಾಪ, ಕೈಕಾಲು ಬಡೀತಾನೇ ಇತ್ತು, ನೋಡೋಕಾಗಲಿಲ್ಲ. ರೀ ಉಪನಿರ್ದೇಶಕರೇ, ನಾಳೆಯಿಂದ ದಿನಾ ಬೆಳಗ್ಗೆ ಸಭಾಂಗಣದಲ್ಲಿ ಇವಳಿಗೆ ತರಬೇತಿ ಕೊಡಿ. ಮೇಜಿನ ಮೇಲೆ ಮಲಗಿಸಿ ಶುರುಮಾಡಿದ್ರೆ ಸಾಕು."

"ಬಣ್ಣ ಒಣಗಿರುತ್ತೆ ಸಾರ್, ಖಂಡಿತ ಕೊಡ್ತೀನಿ. ನಾವೆಲ್ಲ ಹಾಗೇ ಕಲಿತಿದ್ದು."

ಲೆಕ್ಕಾಧಿಕಾರಿ ಒಳ್ಳೆಯ ನಿರ್ಧಾರವೆಂದರು. ನಿನ್ನ ಅದೃಷ್ಟ ಕಣೇ ಎಂದರು ಸ್ಟೆನೋ ಅಕ್ಕ. ಕ್ಯಾಪ್ಟನ್ ಲಂಗರಿನ ಹಗ್ಗಕ್ಕೆ ಕೈಹಾಕಿದ. ದೋಣಿಯ ಪಕ್ಕದಲ್ಲಿ ನೀರು, ಯಾರನ್ನೂ ಹೊರದೆ, ಖಾಲಿಯಾಗಿ ಮಲಗಿತ್ತು.

ಕರಡು ಟವೆಲು ತೆಗೆದಿಟ್ಟು ಎದ್ದು ನಿಂತಳು.

"ಸಾರ್, ನನಗೆ ಈಜು ಬರುತ್ತೆ," ಎಂದಳು. "ಹಗ್ಗ ಎಳೆಯೋಕೆ ಮುಂಚೆ ಒಂದೇ ಒಂದು ಸಲ, ಯಾರನ್ನೂ ತಳ್ಳದೆ, ಒಬ್ಬಳೇ ಇಳಿದು ಬರಲಾ?"