ಮೀನಿಗೆ ಮೆಟ್ಟಿಲು ಕಟ್ಟಿದ್ದು

ಹೊಸೂರಿನ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ನನ್ನದು ಇಪ್ಪತ್ತೆರಡು ವರ್ಷದ ಸರ್ವೀಸು. ಎಂಜಿನ್ನುಗಳು ಅಲುಗಾಡದಂತೆ ಹಿಡಿದಿಡುವ ಫಿಕ್ಸ್ಚರ್ ಮಾಡಿದ ಕೈ ಇದು. ಅಂಥವನಿಗೆ ಒಂದು ಮೀನು ಕೂರಲು ಮೆಟ್ಟಿಲು ಮಾಡುವುದು ಯಾವ ಮಹಾ ಕೆಲಸ! ಹೀಗೆಂದು ಶನಿವಾರ ಸಂಜೆ ನಾನೇ ಘೋಷಿಸಿದೆ. ಸಾಕ್ಷಿಗೆ ಹೆಂಡತಿ ಸರೋಜ ಇದ್ದಳು.

ಮೀನಿನ ಹೆಸರು ದೊರೆ. ನೀಲಿ ಬಣ್ಣದ ಫೈಟರ್. ಮೂರು ವರ್ಷದಿಂದ ಮೂಕಂಡಪಲ್ಲಿಯ ನಮ್ಮ ಬಾಡಿಗೆ ಮನೆಯ ನಡುಕೋಣೆಯಲ್ಲಿ, ಗಾಜಿನ ತೊಟ್ಟಿಯಲ್ಲಿ ಅದರ ವಾಸ. ಈಗ ಮುಪ್ಪು ಹಿಡಿದಿದೆ. ಈ ಜಾತಿಯ ಮೀನು ಆಗಾಗ ಮೇಲೆ ಬಂದು ಗಾಳಿ ಕುಡಿಯಬೇಕು. ದೊರೆಗೆ ಅಷ್ಟು ತ್ರಾಣವಿರಲಿಲ್ಲ. ಹೆಚ್ಚಿನ ಸಲ ಅರ್ಧ ದಾರಿ ಈಜಿ, ಸೋತು, ತಳಕ್ಕಿಳಿದುಬಿಡುತ್ತಿತ್ತು. ಮೇಲೆ ಎಲ್ಲಾದರೂ ಕೂರಲು ಜಾಗ ಮಾಡದಿದ್ದರೆ ಉಳಿಯುವುದಿಲ್ಲ ಎಂದು ಮೀನಿನ ಅಂಗಡಿಯವರು ಹೇಳಿದ್ದರು.

"ನೀವು ಶಿಫ್ಟ್ ಮುಗ್ಸಿ ಬತ್ತೀರ, ಉಣ್ತೀರ, ಮಲಗ್ತೀರ. ಇದೂ ಹೋಗ್ಬುಟ್ರೆ ನಾನು ಯಾರ್ ಜೊತೆ ಮಾತಾಡ್ಲಿ?" ಎಂದಳು ಸರೋಜ.

ಆ ಮಾತು ಚುಚ್ಚಿತು. ಕೂತಲ್ಲಿ ಕೂರಲಾಗಲಿಲ್ಲ. ಐದು ನಿಮಿಷಕ್ಕೊಮ್ಮೆ ಎದ್ದು ಹೋಗಿ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದೆ. ದೊರೆಯೂ ನನ್ನನ್ನು ನೋಡುತ್ತಿತ್ತು. ಅದರ ದೃಷ್ಟಿಯಲ್ಲಿ ನಂಬಿಕೆ ಕಾಣಲಿಲ್ಲ.

ಕೂಡಲೇ ನಕ್ಷೆ ಬರೆದೆ. ಮುಂದಿನಿಂದ ಒಂದು ನೋಟ, ಪಕ್ಕದಿಂದ ಒಂದು, ಮೇಲಿನಿಂದ ಒಂದು. ವಯಸ್ಸಾದ ಜೀವ ನೋಡಿ, ಅದಕ್ಕೇ ಎರಡು ಮೆಟ್ಟಿಲು. ಮೊದಲನೆಯದರಲ್ಲಿ ದಣಿವಾರಿಸಿಕೊಂಡು ಎರಡನೆಯದಕ್ಕೆ ಏರಲಿ!

"ರೀ, ನಾನೊಂದ್ ಮಾತು ಹೇಳ್ಲಾ? ಆ ನೀರ್ನ..." ಎಂದು ಸರೋಜ ಶುರು ಮಾಡಿದಳು.

"ನೀನು ಸುಮ್ನಿರು. ಇದು ಟೆಕ್ನಿಕಲ್ ವಿಷ್ಯ."

ಗುಜರಿ ಅಂಗಡಿಯಿಂದ ಎರಡು ಬೆರಳು ದಪ್ಪದ ಬಿಳಿ ಪ್ಲಾಸ್ಟಿಕ್ ಹಲಗೆ ತಂದೆ. ಭಾನುವಾರ ಬೆಳಿಗ್ಗೆಯಿಂದ ಕೊಯ್ದೆ, ಉಜ್ಜಿದೆ, ಕಾಲು ಕೂರಿಸಿದೆ. ತೊಟ್ಟಿಯ ಒಳ ಅಳತೆಗೂ ಮೆಟ್ಟಿಲಿನ ಅಳತೆಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ನೋಡಿಕೊಂಡೆ. ಆಮೇಲೆ ಲೋಡ್ ಟೆಸ್ಟ್. ಎಪ್ಪತ್ತೆಂಟು ಕಿಲೋದ ನಾನು ಅದರ ಮೇಲೆ ಹತ್ತಿ ಮೂರು ಸಲ ಕುಪ್ಪಳಿಸಿದೆ. ಅಲುಗಾಡಲಿಲ್ಲ! ದೊರೆಯ ತೂಕ ಒಂದು ಹಸಿಮೆಣಸಿನಕಾಯಿಯಷ್ಟೂ ಇರಲಿಕ್ಕಿಲ್ಲ. ಇರಲಿ, ಪದ್ಧತಿ ಎಂದರೆ ಪದ್ಧತಿ. 'ಓಕೆ' ಎಂದು ಬರೆದ ಹಸಿರು ಸ್ಟಿಕ್ಕರನ್ನೂ ಅಂಟಿಸಿದೆ.

ಸದ್ದು ಕೇಳಿ ಪಕ್ಕದ ಮನೆಯ ಮುನಿರಾಜು ಬಂದ. ಡೆಂಕಣಿಕೋಟೆ ಕಡೆಯವನು.

"ಏನಣ್ಣ ಇದು, ಆನೆ ಕಟ್ಟಾಕಾ?"

"ಮೀನಿಗಪ್ಪಾ."

ಅವನು ಸ್ಟಿಕ್ಕರ್ ನೋಡಿದ, ದೊರೆಯನ್ನು ನೋಡಿದ, ಸರೋಜಳನ್ನು ನೋಡಿದ. ಅವಳು ಸೂರು ನೋಡುತ್ತಿದ್ದಳು.

"ಮೊದ್ಲು ಮೀನ್ನ ಬಕೀಟ್‌ಗೆ ಬುಡಣ್ಣ" ಎಂದ ಮುನಿರಾಜು.

ಬೇಡವೆಂದೆ. ಕಾರ್ಖಾನೆಯಲ್ಲಿ ಉತ್ಪಾದನೆಯ ಲೈನ್ ನಿಲ್ಲಿಸದೆ ಕೆಲಸ ಮಾಡುವುದನ್ನು ಇಪ್ಪತ್ತೆರಡು ವರ್ಷ ಕಲಿತವನು ನಾನು. ಒಂದು ಮೀನಿಗಾಗಿ ಲೈನ್ ನಿಲ್ಲಿಸುವುದೇ? ಮೆಟ್ಟಿಲನ್ನು ತೊಟ್ಟಿಯೊಳಗೆ ಇಳಿಸಿದೆ.

ತೇಲಿತು!

ಕಾರ್ಖಾನೆಯಲ್ಲಿ ನಾನು ಮಾಡಿದ್ದೆಲ್ಲ ಕಬ್ಬಿಣದ್ದು. ಕಬ್ಬಿಣ ಇಟ್ಟಲ್ಲಿ ಇರುತ್ತದೆ. ಪ್ಲಾಸ್ಟಿಕ್ಕಿಗೆ ಆ ಶಿಸ್ತು ಇಲ್ಲವೆಂಬುದು ನನಗೆ ಹೊಳೆದೇ ಇರಲಿಲ್ಲ. ಸಿಟ್ಟು ಬಂದು ಎರಡೂ ಕೈಯಿಂದ ಒತ್ತಿದೆ. ಅರ್ಧಕ್ಕೆ ಇಳಿದು ಸೊಟ್ಟಗೆ ಸಿಕ್ಕಿಕೊಂಡಿತು. ಕೂದಲೆಳೆ ವ್ಯತ್ಯಾಸವಿಲ್ಲ ನೋಡಿ! ಮೇಲೂ ಬಾರದು, ಕೆಳಗೂ ಹೋಗದು.

"ಅಯ್ಯೋ! ದೊರೆ ಅಡೀಲೈತೆ!" ಎಂದು ಸರೋಜ ಕೂಗಿಕೊಂಡಳು.

ನೋಡಿದೆ. ಹಲಗೆಯ ಕೆಳಗೆ ದೊರೆ ಬಾಯಿ ತೆರೆದು ಮುಚ್ಚಿ ದಾರಿ ಹುಡುಕುತ್ತಿತ್ತು. ಗಾಳಿಗೆ ಹತ್ತಿರ ಮಾಡಲು ಹೊರಟವನು ಇದ್ದ ದಾರಿಗೂ ಮುಚ್ಚಳ ಹಾಕಿದ್ದೆ. ನಿಜಕ್ಕೂ ಹೆದರಿದೆ.

"ಮುನಿರಾಜು, ಹಿಡಿಯೋ!"

"ಹಿಡ್ದಿವ್ನಿ, ಎಳೀರಣ್ಣ!"

ಇಬ್ಬರೂ ಎಳೆದೆವು. ಬರಲಿಲ್ಲ. ಇನ್ನೊಮ್ಮೆ ಎಳೆದೆವು. ಮೆಟ್ಟಿಲು ಕಿತ್ತು ಬಂತು, ಅದರ ಹಿಂದೆಯೇ ಅರ್ಧ ತೊಟ್ಟಿ ನೀರೂ ಬಂತು! ಚಾಪೆ, ಚಪ್ಪಲಿ, ನನ್ನ ಮೂರು ನೋಟದ ನಕ್ಷೆ ಎಲ್ಲ ತೊಯ್ದವು. ಮುನಿರಾಜು ಮೆಟ್ಟಿಲನ್ನು ತಬ್ಬಿಕೊಂಡು ಅಂಗಾತ ಬಿದ್ದು, "ಪೋಚ್ಚು! ಎಲ್ಲಾ ಹೋಯ್ತಣ್ಣ!" ಎಂದ.

ಸರೋಜ ಮಾತ್ರ ನಮ್ಮಿಬ್ಬರ ಕಡೆ ತಿರುಗಿಯೂ ನೋಡಲಿಲ್ಲ. ತೊಟ್ಟಿಯಲ್ಲಿ ಒಂದು ಗೇಣು ನೀರು ಉಳಿದಿತ್ತು. ದೊರೆ ತಳದಿಂದ ಮೆಲ್ಲಗೆ ಎದ್ದಿತು. ಎರಡು ಸಲ ಬಾಲ ಬೀಸಿತು. ಅಷ್ಟೇ, ಮೇಲೆ ಬಂದು ಮುಟ್ಟಿತು! ಗುಳಕ್ ಎಂದು ಗಾಳಿ ಕುಡಿಯಿತು.

"ನಾನು ನಿನ್ನೆಯಿಂದ ಹೇಳಾಕ್ ಬಂದಿದ್ದು ಇದ್ನೇ ಕಣ್ರೀ. ನೀರ್ನ ಒಂದಷ್ಟು ಮೊಗೆದ್ಬುಡಾನ ಅಂತ" ಎಂದು ಕಣ್ಣೊರೆಸಿಕೊಂಡಳು.

ನಾನು ನೆಲ ಒರೆಸಿದೆ. ಆ ಕೆಲಸಕ್ಕೆ ನಕ್ಷೆ ಬೇಕಾಗಲಿಲ್ಲ.

ದೊರೆ ಈಗ ಆರಾಮವಾಗಿದೆ. ಮೆಟ್ಟಿಲೂ ವ್ಯರ್ಥವಾಗಲಿಲ್ಲ. ಹಸಿರು ಸ್ಟಿಕ್ಕರ್ ಸಮೇತ ತೊಟ್ಟಿಯ ಎದುರಿಗೇ ಇದೆ. ಸಂಜೆಯಾದರೆ ಸರೋಜ ಅದರ ಮೇಲೆ ಕೂತು ದೊರೆಯೊಂದಿಗೆ ಮಾತಾಡುತ್ತಾಳೆ. ಹೆಚ್ಚಾಗಿ ನನ್ನ ವಿಷಯ. ಈಚೆಗೆ ನಾನೂ ಶಿಫ್ಟ್ ಮುಗಿಸಿ ಬಂದು ಪಕ್ಕದಲ್ಲಿ ನಿಂತು ಕೇಳುತ್ತೇನೆ. ಮೊನ್ನೆ ನಡುವೆ ಬಾಯಿ ಹಾಕಲು ಹೋದೆ.

"ನೀವು ಸುಮ್ನಿರಿ" ಎಂದಳು. "ಇದು ಟೆಕ್ನಿಕಲ್ ವಿಷ್ಯ."